ಮೊದಲು ಕೌಲಿಂಗ್ ಅಳೆಯಿರಿ, ಆಮೇಲೆ ಎಂಜಿನ್

ಪುಟ್ಟ ವಿಮಾನ ಮಾಡುವವರ ಪ್ರಶ್ನೆಗಳಿಗೆ ನಿವೃತ್ತ ಟೂಲ್ ರೂಮ್ ಫಿಟರ್ ಒಬ್ಬರ ಉತ್ತರ

ಪ್ರಶ್ನೆ: 1:72 ಅಳತೆಯ ಡಕೋಟಾ ಕಿಟ್ ತಂದಿದ್ದೇನೆ. ಅದರಲ್ಲಿ ಎಂಜಿನ್ ಅಂತ ಕೊಟ್ಟಿರುವುದು ಒಂದು ಬಿಲ್ಲೆ, ಅದರ ಮೇಲೆ ಸಿಲಿಂಡರ್‌ಗಳ ಗುರುತು ಅಷ್ಟೇ. ನಮ್ಮ ತಾತ ವಾಯುಪಡೆಯಲ್ಲಿ ಡಕೋಟಾ ಮೆಕ್ಯಾನಿಕ್ ಆಗಿದ್ದವರು, ಅವರಿಗೆ ತೋರಿಸಬೇಕು. ಎಂಜಿನ್ ಪೂರ್ತಿ ಕೈಯಲ್ಲೇ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?
– ಶಿವಮೊಗ್ಗದ ಓದುಗ

ಉತ್ತರ: ಮಾಡಬಹುದು. ಆದರೆ ನೋಡುವವರು ಮೆಕ್ಯಾನಿಕ್ ತಾತ ಅಂದಮೇಲೆ ಲೆಕ್ಕ ತಪ್ಪುವ ಹಾಗಿಲ್ಲ. ಅವರು ಮೊದಲು ಎಣಿಸುವುದೇ ಸಿಲಿಂಡರ್.

ಡಕೋಟಾದಲ್ಲಿದ್ದದ್ದು ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್, ಅಂದರೆ ಆರ್-1830. ನಡುವಿನ ಡಬ್ಬಿಯ (ಕ್ರ್ಯಾಂಕ್‌ಕೇಸ್) ಸುತ್ತ ಮುಂದೆ ಏಳು, ಹಿಂದೆ ಏಳು, ಒಟ್ಟು ಹದಿನಾಲ್ಕು ಸಿಲಿಂಡರ್. ಕೆಲವು ಫೋಟೋಗಳಲ್ಲಿ ಇದೇ ವಿಮಾನಕ್ಕೆ ಒಂದೇ ಸಾಲಿನಲ್ಲಿ ಒಂಬತ್ತು ಕಾಣುತ್ತವೆ, ಗಾಬರಿಯಾಗಬೇಡಿ. 1935ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಡಿಸಿ-3ಕ್ಕೆ, ಅಂದರೆ ಡಕೋಟಾದ ಮೂಲ ವಿಮಾನಕ್ಕೆ, ರೈಟ್ ಸೈಕ್ಲೋನ್ ಎಂಜಿನ್ ಇತ್ತು, ಅದು ಒಂಬತ್ತರದು. ಫೋಟೋ ಆರಿಸಿಕೊಳ್ಳುವಾಗ ಅದನ್ನು ಪಕ್ಕಕ್ಕಿಡಿ.

ಒಂದು ಸಾಲಿನಲ್ಲಿ ಏಳೇ ಯಾಕೆ, ಎಂಟು ಯಾಕಿಲ್ಲ ಅಂತ ಹುಡುಗರು ಕೇಳುತ್ತಾರೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪ್ರೊಪೆಲ್ಲರ್ ತಿರುಗಿಸುವ ದಂಡ) ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದು ಸಲ ಹೊತ್ತಿಕೊಳ್ಳಬೇಕು. ಅದಕ್ಕೆ ಒಂದು ಬಿಟ್ಟು ಒಂದು ಹೊತ್ತಿಸುತ್ತಾರೆ: 1, 3, 5, 7, ಆಮೇಲೆ 2, 4, 6. ಒಂದರಷ್ಟೂ ಅಂತರ ತಪ್ಪದೆ ಮತ್ತೆ 1ಕ್ಕೆ ಬಂದು ನಿಲ್ಲುತ್ತದೆ. ಎಂಟಿದ್ದರೆ 1, 3, 5, 7 ಆದಮೇಲೆ ಮತ್ತೆ 1ಕ್ಕೇ ಬರುತ್ತೀರಿ. ಸರಿಸಂಖ್ಯೆಯವು ಸುಮ್ನೆ ಕೂತಿರುತ್ತವೆ. ಅದಕ್ಕೇ ಹಳೆಯ ಗುಂಡು ಎಂಜಿನ್‌ಗಳ ಒಂದೊಂದು ಸಾಲಿನಲ್ಲಿ ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯೇ ಸಿಗುವುದು.

ಈಗ ಅಳತೆ. ನಿಜವಾದ ಎಂಜಿನ್‌ನ ಅಡ್ಡಗಲ ಸುಮಾರು 48 ಇಂಚು. 72ರಿಂದ ಭಾಗಿಸಿದರೆ ಹತ್ತಿರ ಹತ್ತಿರ 17 ಮಿ.ಮೀ. ನಾನೂ ಒಮ್ಮೆ ಇದೇ ಲೆಕ್ಕ ಹಾಕಿ 17 ಮಿ.ಮೀ.ಗೆ ಸರಿಯಾಗಿ ಮಾಡಿದೆ. ಮೂರು ವಾರದ ಕೆಲಸ. ಹದಿನಾಲ್ಕು ಸಿಲಿಂಡರ್, ಇಪ್ಪತ್ತೆಂಟು ಪ್ಲಗ್ ವೈರ್, ಒಂದೂ ಬಿಡಲಿಲ್ಲ. ಕೊನೆಗೆ ಕೌಲಿಂಗ್, ಅಂದರೆ ಎಂಜಿನ್ ಸುತ್ತ ಕೂರುವ ಹೊದಿಕೆ, ಹಾಕಲು ಹೋದರೆ ಎಂಜಿನ್ ಒಳಗೇ ಇಳಿಯಲೊಲ್ಲದು! ಬುದ್ಧಿಯಿಲ್ಲದೆ ಒತ್ತಿದೆ. ಎರಡು ಪುಶ್ ರಾಡ್ (ಕವಾಟ ತೆರೆಯುವ ಕಡ್ಡಿ) ಟಣ್ ಅಂತ ಎಗರಿ ಮಂಚದ ಕೆಳಗೆ ಹೋದವು. ಅವು ಇವತ್ತಿಗೂ ಸಿಕ್ಕಿಲ್ಲ.

ಆಮೇಲೆ ವರ್ನಿಯರ್ ಇಟ್ಟು ನೋಡಿದೆ. ಕೌಲಿಂಗ್‌ನ ಒಳಗಲ 16.2 ಮಿ.ಮೀ. ಮಾತ್ರ. ಕಿಟ್ ಮಾಡಿದವರ ತಪ್ಪೇನಲ್ಲ, ಹೊರಗಿನ ಅಳತೆ ಸರಿಯಾಗಿಯೇ ಇತ್ತು. ಆದರೆ ನಿಜವಾದ ಕೌಲಿಂಗ್ ತೆಳು ತಗಡು. ಕಿಟ್‌ನಲ್ಲಿ ಪ್ಲಾಸ್ಟಿಕ್ ಒಂದು ಮಿ.ಮೀ. ದಪ್ಪ. ಅದನ್ನೇ 72ರಿಂದ ಗುಣಿಸಿ ನೋಡಿ, 72 ಮಿ.ಮೀ. ಹತ್ತಿರ ಮೂರು ಇಂಚು ದಪ್ಪದ ಗೋಡೆ! ಆ ದಪ್ಪವನ್ನು ಎಂಜಿನ್ ತನ್ನ ಜಾಗದಿಂದಲೇ ಕಳೆದುಕೊಳ್ಳಬೇಕು. ಹಾಗಾಗಿ ಎರಡೇ ದಾರಿ. ಒಂದು, ಕೌಲಿಂಗ್‌ನ ಒಳಗಡೆ ಒರಟು ಸ್ಯಾಂಡ್‌ಪೇಪರ್ ಹಾಕಿ ಉಜ್ಜುವುದು. ಪೆನ್ಸಿಲ್‌ಗೆ ಸುತ್ತಿ ಉಜ್ಜಿದರೆ ಬೇಗ ಆಗುತ್ತದೆ. ದೀಪಕ್ಕೆ ಹಿಡಿದಾಗ ಪ್ಲಾಸ್ಟಿಕ್ ಒಳಗಿಂದ ಬೆಳಕು ಕಂಡರೆ ನಿಲ್ಲಿಸಿ. ಎರಡು, ಪ್ರತಿ ಸಿಲಿಂಡರನ್ನೂ ಬುಡದಲ್ಲಿ ಅರ್ಧ ಮಿ.ಮೀ. ಮೊಟಕು ಮಾಡುವುದು. ನಾನು ಈಗ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇನೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಮೊದಲ ಎಂಜಿನನ್ನು ರಿಪೇರಿ ಮಾಡಿ, ಹೇಗೋ ಕೂರಿಸಿ, ಪ್ರೊಪೆಲ್ಲರ್ ಹಾಕಿ, ಮನೆಯವಳಿಗೆ ತೋರಿಸಿದೆ. ಅವಳು ಟಾರ್ಚ್ ತಂದು ಒಳಗೆ ಬಿಟ್ಟು, "ಹಿಂದಿನ ಸಾಲು ಎಲ್ರೀ?" ಅಂದಳು. ಕಾಣಲೇ ಇಲ್ಲ! ಮುಂದಿನ ಏಳರ ಸಂದಿಯಲ್ಲಿ ಹಿಂದಿನವುಗಳ ತಲೆ ಮಾತ್ರ ಕಪ್ಪಗೆ ಇಣುಕುತ್ತಿತ್ತು. ಆದ್ದರಿಂದ ಕೌಲಿಂಗ್ ಮುಚ್ಚುವುದಾದರೆ ಹಿಂದಿನ ಸಾಲಿಗೆ ಬರೀ ಕಡ್ಡಿ ತುಂಡು ಸಾಕು, ಕಪ್ಪು ಬಳಿದು ಬಿಡಿ. ತೆರೆದಿಡುವುದಾದರೆ ಮಾತ್ರ ಪೂರ್ತಿ ಮಾಡಿ.

ಸಿಲಿಂಡರ್‌ಗೆ ನಾನು ಬಳಸುವುದು ಊದಿನಕಡ್ಡಿ. ಉರಿದು ಉಳಿದ ಬುಡದ ಬಿದಿರು. ದಪ್ಪ ಒಂದೊಂದು ಒಂದೊಂದು ಥರ ಇರುತ್ತದೆ, ಅದಕ್ಕೆ ವರ್ನಿಯರ್‌ನಲ್ಲಿ ನೋಡಿ 2 ಮಿ.ಮೀ. ಇರುವುದನ್ನು ಆರಿಸಿಕೊಳ್ಳಿ. ಇಯರ್ ಬಡ್‌ನ ಪ್ಲಾಸ್ಟಿಕ್ ಕಡ್ಡಿ ಚೆಂದ ಕಾಣುತ್ತದೆ, ಆದರೆ ಅದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 36 ಗೇಜ್ ತಾಮ್ರದ ತಂತಿ ಕೇಳಿ, ದಪ್ಪ 0.19 ಮಿ.ಮೀ. ತೂಕಕ್ಕೆ ಕೊಡುತ್ತಾರೆ. ನಿಮಗೆ ಬೇಕಾಗುವುದು ಚಿಟಿಕೆಯಷ್ಟು, ಸ್ವಲ್ಪ ನಕ್ಕು ಕೇಳಿದರೆ ಸುಮ್ಮನೆ ಕೊಟ್ಟಾರು.

ಎರಡು ಎಳೆ ತಂತಿ ಒಟ್ಟಿಗೆ ಹಿಡಿದು, ಒಂದರ ಪಕ್ಕ ಒಂದು ಬರುವಂತೆ ಕಡ್ಡಿಗೆ ಬಿಗಿಯಾಗಿ ಸುತ್ತಿ. ಹೆಬ್ಬೆರಳಿನ ಉಗುರಿನಿಂದ ಪ್ರತಿ ಸುತ್ತನ್ನೂ ಹಿಂದಿನದಕ್ಕೆ ಒತ್ತುತ್ತಾ ಹೋಗಬೇಕು. ಆಮೇಲೆ ಒಂದು ಎಳೆಯನ್ನು ಮೆಲ್ಲಗೆ ಬಿಚ್ಚಿ ತೆಗೆಯಿರಿ. ಉಳಿದ ಎಳೆಯ ನಡುವೆ ಒಂದೇ ಸಮನಾದ ಸಂದಿ ಉಳಿಯುತ್ತದೆ. ಉಳಿದ ಆ ಸುತ್ತುಗಳೇ ಫಿನ್, ಅಂದರೆ ಸಿಲಿಂಡರ್ ತಣ್ಣಗಾಗಲು ಇರುವ ಏಣುಗಳು. ಸೂಜಿಯ ತುದಿಯಲ್ಲಿ ಫೆವಿಕ್ವಿಕ್ ತಾಗಿಸಿ, ಒಣಗಿದ ಮೇಲೆ 5 ಮಿ.ಮೀ. ತುಂಡು ಮಾಡಿ. ನಿಜವಾದ ಫಿನ್‌ಗಳು ಇದಕ್ಕಿಂತ ತುಂಬಾ ಒತ್ತೊತ್ತಾಗಿರುತ್ತವೆ, ಆದರೆ ಅಷ್ಟು ಸಣ್ಣದು ಮಾಡಿದರೆ ಬಣ್ಣ ಬಿದ್ದ ಕೂಡಲೇ ಮುಚ್ಚಿಹೋಗುತ್ತದೆ.

ಸುತ್ತಲೂ ಏಳು ಭಾಗ ಮಾಡುವುದು ಹೇಗೆ? 360ನ್ನು ಏಳರಿಂದ ಭಾಗಿಸಿದರೆ 51 ಚಿಲ್ಲರೆ ಡಿಗ್ರಿ, ಕೋನಮಾಪಕದಲ್ಲಿ ತಲೆ ಕೆಡುತ್ತದೆ. ಕ್ರ್ಯಾಂಕ್‌ಕೇಸ್‌ಗೆ ಕಾಗದದ ಪಟ್ಟಿ ಸುತ್ತಿ, ಒಂದು ಸುತ್ತಿಗೆ ಸರಿಯಾಗಿ ಕತ್ತರಿಸಿ. ಅದನ್ನು ಗೆರೆ ಹಾಕಿದ ನೋಟ್‌ಬುಕ್ ಮೇಲೆ ಓರೆಯಾಗಿ ಇಡಿ. ಒಂದು ತುದಿ ಒಂದು ಗೆರೆಯ ಮೇಲೆ, ಇನ್ನೊಂದು ತುದಿ ಅದರಿಂದ ಏಳನೆಯ ಗೆರೆಯ ಮೇಲೆ ಬರಬೇಕು. ನಡುವಿನ ಗೆರೆಗಳು ಪಟ್ಟಿಯನ್ನು ದಾಟುವಲ್ಲೆಲ್ಲ ಚುಕ್ಕೆ ಇಡಿ. ಏಳು ಸಮ ಭಾಗ, ಲೆಕ್ಕವೇ ಬೇಡ. ನಿಮ್ಮ ಪಟ್ಟಿ ತೀರಾ ಗಿಡ್ಡ, ನೋಟ್‌ಬುಕ್ ಗೆರೆ ಅಗಲವಾಯಿತು ಅಂದರೆ ಒತ್ತಾದ ಗೆರೆಗಳನ್ನು ನೀವೇ ಎಳೆದುಕೊಳ್ಳಿ. ಹಿಂದಿನ ಸಾಲನ್ನು ಅರ್ಧ ಭಾಗದಷ್ಟು ತಿರುಗಿಸಿ ಅಂಟಿಸಿ, ಅದು ಮುಂದಿನವುಗಳ ಸಂದಿಯಲ್ಲಿ ಗಾಳಿ ಹಿಡಿಯಬೇಕು.

ಪುಶ್ ರಾಡ್ ಕೊಳವೆ ಸುಮಾರು ಒಂದು ಇಂಚು ದಪ್ಪ ಅಂದುಕೊಂಡರೆ ನಿಮ್ಮ ಅಳತೆಗೆ 0.35 ಮಿ.ಮೀ. ಇದಕ್ಕೆ 28 ಅಥವಾ 30 ಗೇಜ್ ತಂತಿ. ಪ್ರತಿ ಸಿಲಿಂಡರ್‌ಗೆ ಎರಡು, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಟ್ವಿನ್ ವಾಸ್ಪ್‌ನಲ್ಲಿ ಮುಂದಿನ ಸಾಲಿನವು ಮುಂದುಗಡೆ, ಹಿಂದಿನ ಸಾಲಿನವು ಹಿಂದುಗಡೆ. ಮುಂದಿನಿಂದ ಕಾಣುವುದು ಹದಿನಾಲ್ಕೇ. ಹಿಂದಿನ ಸಿಲಿಂಡರ್‌ಗೂ ಮುಂದಿನಿಂದ ಪುಶ್ ರಾಡ್ ಎಳೆದಿರೋ, ತಾತ ನಕ್ಕುಬಿಡುತ್ತಾರೆ.

ಪ್ರಶ್ನೆ: ಪ್ಲಗ್ ವೈರ್‌ಗೆ ಹೊಲಿಗೆ ದಾರ ಬಳಸಿದೆ. ಸ್ವಲ್ಪ ದಿನದಲ್ಲಿ ನೂಲು ನೂಲಾಗಿ ಎದ್ದು ಬೆಕ್ಕಿನ ಮೀಸೆಯಂತಾಯಿತು. ಫೆವಿಕ್ವಿಕ್ ಹಾಕಿದ ಕಡೆಯೆಲ್ಲ ಬೂದಿ ಬಡಿದಂತೆ ಬೆಳ್ಳಗಾಗಿದೆ. ಏನು ಮಾಡಲಿ?
– ಹುಬ್ಬಳ್ಳಿಯ ಓದುಗ

ಉತ್ತರ: ದಾರ ಬೇಡ. ಬೆಸುಗೆ ಹಾಕುವ ಸೀಸದ ತಂತಿ ಅಥವಾ ಅದೇ ವೈಂಡಿಂಗ್ ತಂತಿ. ನಿಜವಾದ ವೈರ್ ಲೋಹದ ಕವಚದೊಳಗೆ ಇರುತ್ತದೆ, ಅರ್ಧ ಇಂಚಿನ ಲೆಕ್ಕ ಹಿಡಿದರೆ 1:48ಕ್ಕೆ ಸುಮಾರು 0.26 ಮಿ.ಮೀ., ಅಂದರೆ 33 ಗೇಜ್. 1:72ಕ್ಕೆ 36 ಗೇಜ್. ಸೀಸ ಬಾಗಿಸಿದ ಹಾಗೇ ನಿಲ್ಲುತ್ತದೆ, ತಾಮ್ರ ಸ್ವಲ್ಪ ಹಟಮಾರಿ. ಸೀಸ ಮುಟ್ಟಿದ ಕೈಯಲ್ಲಿ ಬೋಂಡಾ ತಿನ್ನಬೇಡಿ, ಸೋಪು ಹಾಕಿ ತೊಳೆಯಿರಿ.

ಒಂದೊಂದು ಸಿಲಿಂಡರ್‌ಗೂ ಎರಡು ಪ್ಲಗ್. ಒಂದು ಮುಂದೆ, ಒಂದು ಹಿಂದೆ. ಮುಂದಿನದಕ್ಕೆ ಮಾತ್ರ ವೈರ್ ಎಳೆಯಿರಿ, ಅರ್ಧ ಕೆಲಸ ಉಳಿಯಿತು. ತೂತು ಕೊರೆಯಲು ಎಲೆಕ್ಟ್ರಾನಿಕ್ ಬೋರ್ಡ್‌ಗಳಿಗೆ ಬಳಸುವ ಸಣ್ಣ ಪಿಸಿಬಿ ಡ್ರಿಲ್ ಬಿಟ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಕಾರ್ಬೈಡ್‌ದು, ಸ್ವಲ್ಪ ಓರೆಯಾದರೂ ಪಟ್ ಅಂತ ಮುರಿಯುತ್ತದೆ. ಮೂರ್ನಾಲ್ಕು ಜಾಸ್ತಿಯೇ ತನ್ನಿ.

ಬಿಳುಪು ಬರುವುದು ಅಂಟಿನ ಆವಿ ಮತ್ತೆ ಬಂದು ಕೂರುವುದರಿಂದ. ಅಂಟಿಸಿದ ಕೂಡಲೇ ಡಬ್ಬಿಯಲ್ಲಿ ಮುಚ್ಚಿಡುತ್ತೀರಿ, ಅಲ್ವಾ? ಧೂಳು ಬೀಳುತ್ತದೆ ಅಂತ ನಾನೂ ಹಾಗೇ ಮಾಡುತ್ತಿದ್ದೆ. ರಾತ್ರಿಯಿಡೀ ಗಾಳಿಯಾಡುವ ಕಡೆ ತೆರೆದಿಡಿ. ಅಂಟು ಹನಿಯಾಗಿ ಬೀಳದೆ ಸೂಜಿಯಿಂದ ತಾಗಿದಷ್ಟೇ ಇರಲಿ. ಎಂಜಿನ್ ಒಣಗುವವರೆಗೆ ವಿಮಾನದ ಗಾಜುಗಳನ್ನು ಹತ್ತಿರ ತರಬೇಡಿ. ಈಗ ಬಂದಿರುವ ಬಿಳುಪನ್ನು ಬಣ್ಣ ಮುಚ್ಚುತ್ತದೆ.

ಪ್ರಶ್ನೆ: ನನ್ನ ಮಗ ಮರದಲ್ಲಿ ಎಚ್‌ಟಿ-2 ವಿಮಾನ ಮಾಡುತ್ತಿದ್ದಾನೆ. ಎಂಜಿನ್ ಸಿಲಿಂಡರ್ ತಲೆಕೆಳಗಾಗಿ ನೇತಾಡುತ್ತವೆ ಅನ್ನುತ್ತಾನೆ. ನಿಜವೇ? ಅದನ್ನು ಹೇಗೆ ಮಾಡುವುದು?
– ತುಮಕೂರಿನ ಓದುಗಿ

ಉತ್ತರ: ನಿಜ ಕಣಮ್ಮ, ಹುಡುಗ ಸರಿಯಾಗಿ ನೋಡಿದ್ದಾನೆ. ಎಚ್‌ಟಿ-2 ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ತರಬೇತಿ ವಿಮಾನ. ವಿ.ಎಂ. ಘಾಟಗೆ ಅವರ ವಿನ್ಯಾಸ, 1951ರಲ್ಲಿ ಮೊದಲು ಹಾರಿತು. ಆಮೇಲೆ ತಯಾರಾಗಿ ಬಂದವಕ್ಕೆ ಇದ್ದದ್ದು 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ನಾಲ್ಕು ಸಿಲಿಂಡರ್ ಒಂದರ ಹಿಂದೆ ಒಂದು, ಕ್ರ್ಯಾಂಕ್ ಮೇಲೆ, ಸಿಲಿಂಡರ್ ಕೆಳಗೆ. ಹೀಗಿದ್ದರೆ ಪ್ರೊಪೆಲ್ಲರ್ ಎತ್ತರದಲ್ಲಿ ಉಳಿದು ನೆಲಕ್ಕೆ ತಾಗುವುದಿಲ್ಲ. ಮೂಗಿನ ಮೇಲ್ಭಾಗವೂ ತಗ್ಗಾಗಿ ಕಲಿಯುವವನಿಗೆ ಮುಂದೆ ಕಾಣುತ್ತದೆ.

ಮರದ ಮಾದರಿ ದೊಡ್ಡದಿದ್ದರೆ ಸಿಲಿಂಡರ್‌ಗೆ ಥ್ರೆಡ್ ಇರುವ ನೈಲಾನ್ ಬೋಲ್ಟ್ ಕತ್ತರಿಸಿ ಹಾಕಲಿ. ಥ್ರೆಡ್ ಸುರುಳಿ, ಫಿನ್ ಬಳೆ ಬಳೆಯಾಗಿರುವುದು. ವ್ಯತ್ಯಾಸ ನನಗೆ ಗೊತ್ತಾಗುತ್ತದೆ, ನಿಮ್ಮ ನೆಂಟರಿಗೆ ಗೊತ್ತಾಗುವುದಿಲ್ಲ. ರಜೆಯಲ್ಲಿ ಅವನನ್ನು ಎಚ್‌ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಎಂಜಿನ್‌ಗಳಿಗೇ ಒಂದು ಹಾಲ್ ಇದೆ. ಫೋಟೋ ತೆಗೆಯುವಾಗ ಹತ್ತಿರ ಹೋಗದೆ, ದೂರ ನಿಂತು ಜೂಮ್ ಮಾಡಿ, ನೇರ ಎದುರಿನಿಂದ ತೆಗೆಯಲಿ. ಹತ್ತಿರದಿಂದ ತೆಗೆದರೆ ಮುಂದಿನದು ದಪ್ಪ, ಹಿಂದಿನದು ಸಣ್ಣ ಕಂಡು ಅಳತೆ ಕೆಡುತ್ತದೆ.

ಪ್ರಶ್ನೆ: ಈಗ ತ್ರೀಡಿ ಪ್ರಿಂಟ್ ಎಂಜಿನ್‌ಗಳೇ ಸಿಗುತ್ತವಲ್ಲ, ಸಾರ್. ಊದಿನಕಡ್ಡಿಗೆ ತಂತಿ ಸುತ್ತುತ್ತಾ ಯಾಕೆ ಕೂರಬೇಕು?
– ಮೈಸೂರಿನ ಓದುಗ

ಉತ್ತರ: ಕೂರಬೇಡಿ. ತರಿಸಿ, ಹಾಕಿ. ಚೆನ್ನಾಗಿಯೇ ಇರುತ್ತವೆ, ನನ್ನ ಕೈಕೆಲಸಕ್ಕಿಂತ ಎಷ್ಟೋ ಸೂಕ್ಷ್ಮ. ನನಗೆ ಸುತ್ತುವುದೇ ಇಷ್ಟ, ಅಷ್ಟೇ. ಆದರೆ ದುಡ್ಡು ಕೊಡುವ ಮೊದಲು ಅದರ ಅಡ್ಡಗಲ ಕೇಳಿಕೊಂಡು, ನಿಮ್ಮ ಕೌಲಿಂಗ್‌ನ ಒಳಗೆ ವರ್ನಿಯರ್ ಇಟ್ಟು ನೋಡಿ.