ಮಡಿಕೇರಿಯ ಮಳೆಯಲ್ಲಿ ವಾಟರ್‌ಕಲರ್ ಒಣಗುತ್ತಾ? ಎಲ್ಲಿ ಕೂತು ಬಿಡಿಸಬಹುದು?

ಜುಲೈನಲ್ಲಿ ಮೂರು ದಿನ ಮಡಿಕೇರಿಗೆ ಬರ್ತೀನಿ, ಪೇಟೆ ಬೀದಿ, ಹಳೇ ಕಟ್ಟಡ ಎಲ್ಲ ವಾಟರ್‌ಕಲರ್‌ನಲ್ಲಿ ಬಿಡಿಸಬೇಕು, ಮಳೆಗೆ ಬಣ್ಣ ಒಣಗುತ್ತಾ, ಇಲ್ಲಾ ಫೋಟೋ ತೆಗೆದುಕೊಂಡು ರೂಮಿನಲ್ಲಿ ಕೂತು ಬಿಡಿಸೋದೇ ವಾಸಿನಾ ಅಂತ ಕೇಳಿದ್ದೀರಿ.

ಬಣ್ಣ ಬೇಗ ಒಣಗುವುದಿಲ್ಲ. ಆದರೂ ಹೊರಗೇ ಕೂತು ಬಿಡಿಸಿ. ನಾನು ಇದೇ ಊರಿನವಳು, ಹನ್ನೆರಡು ವರ್ಷದಿಂದ ಇದೇ ಬೀದಿಗಳನ್ನು ಬಿಡಿಸುತ್ತಿದ್ದೇನೆ. ನನಗೆ ತೃಪ್ತಿ ಕೊಟ್ಟ ಚಿತ್ರಗಳಲ್ಲಿ ಮುಕ್ಕಾಲು ಪಾಲು ಮಳೆಗಾಲದವು.

ಫೋಟೋ ಯಾಕೆ ಬೇಡ ಅಂದರೆ, ಫೋನ್ ಕ್ಯಾಮೆರಾ ಮಂಜನ್ನು ತಾನೇ ಸರಿ ಮಾಡಲು ಹೋಗುತ್ತದೆ. ಹಿಂದಿನ ಗುಡ್ಡ ಕಣ್ಣಿಗೆ ಕಂಡಿದ್ದಕ್ಕಿಂತ ಗಾಢವಾಗಿ ಬರುತ್ತದೆ. ನೀವು ನೋಡಿದ್ದು ಅದಲ್ಲ. ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೋ 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗ ಇದೆಯಲ್ಲ, ಅವರು ಸ್ಥಳದಲ್ಲೇ ಕೂತು, ಕಣ್ಣಾರೆ ನೋಡಿ ಬಿಡಿಸಬೇಕು ಅನ್ನುವುದನ್ನೇ ಮೊದಲ ನಿಯಮ ಮಾಡಿಕೊಂಡಿದ್ದಾರೆ. ಅದರ ಅರ್ಥ ನನಗೆ ಗೊತ್ತಾಗಿದ್ದು ಇಲ್ಲಿನ ಮಳೆಯಲ್ಲೇ.

ಒಣಗುವ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಜುಲೈನ ಪಾಲು ಜಾಸ್ತಿ. ಬೆಂಗಳೂರಿನ ಬಿಸಿಲಿನಲ್ಲಿ ಐದು ನಿಮಿಷಕ್ಕೆ ಒಣಗುವ ಆಕಾಶದ ಬಣ್ಣ ಇಲ್ಲಿ ಅರ್ಧ ಗಂಟೆಯಾದರೂ ತಣ್ಣಗೇ ಇರುತ್ತದೆ. ಹಾಳೆಯ ಹೊಳಪು ಹೋಯಿತು ಅಂತ ನಂಬಬೇಡಿ. ಅಂಗೈ ಹಿಂಭಾಗವನ್ನು ಹಾಳೆಗೆ ಮೆಲ್ಲಗೆ ತಾಗಿಸಿ ನೋಡಿ. ತಂಪು ಅನಿಸಿದರೆ ಒಳಗೆ ಇನ್ನೂ ನೀರಿದೆ. ಆಗ ಒದ್ದೆ ಬ್ರಶ್ ತಾಗಿಸಿದರೆ ಬಣ್ಣ ಹಿಂದಕ್ಕೆ ಸರಿದು ಸುರುಳಿ ಅಂಚಿನ ಕಲೆ ಕೂರುತ್ತದೆ. ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ.

ಹಾಗಾಗಿ ಪದರದ ಮೇಲೆ ಪದರ ಹಚ್ಚುವ ಆಸೆ ಬಿಡಿ. ಮೊದಲು ಇಡೀ ಹಾಳೆ ಒದ್ದೆ ಮಾಡಿ, ಆಕಾಶ, ಗುಡ್ಡ, ದೂರದ ಮರ ಎಲ್ಲವನ್ನೂ ಅದು ಒದ್ದೆಯಿರುವಾಗಲೇ ಮುಗಿಸಿ. ಮುಂದಿನ ಸಿಲ್ವರ್ ಓಕ್ ಮರ ಸ್ವಲ್ಪ ಗಟ್ಟಿ ಬಣ್ಣದಲ್ಲಿ, ಹಿಂದಿನದು ನೀರಿನಂಥ ಬಣ್ಣದಲ್ಲಿ. ಅಂಚುಗಳು ತಾವಾಗೇ ಕರಗುತ್ತವೆ. ಮಂಜು ಮಾಡುವ ಕೆಲಸವೂ ಅದೇ ಅಲ್ವಾ? ಬೇರೆ ಊರಿನಲ್ಲಿ ಹಾಳೆ ಬೇಗ ಒಣಗಿ ಈ ಅವಕಾಶ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಇಲ್ಲಿ ನಿಧಾನವಾಗಿ ಯೋಚಿಸಿ ಹಚ್ಚಬಹುದು. ಆಮೇಲೆ ಆ ಹಾಳೆ ಪಕ್ಕಕ್ಕಿಟ್ಟು ಎರಡನೆಯದು ಶುರು ಮಾಡಿ. ಹಾಳೆ ಇಟ್ಟು ಬಿಡಿಸುವ ರಟ್ಟು ಎರಡು ತನ್ನಿ. ಕಿಟಕಿ, ಬೋರ್ಡು, ಕೊಡೆ ಹಿಡಿದವರು, ಈ ಗಟ್ಟಿ ಗೆರೆಯ ಕೆಲಸವನ್ನೆಲ್ಲ ಮೊದಲನೆಯದು ಪೂರ್ತಿ ಒಣಗಿದ ಮೇಲೆ ಮಾಡಿ.

ಇನ್ನು ಬಣ್ಣ. ಹೊಸಬರು ಮಡಿಕೇರಿಯ ಹೆಂಚಿಗೆ ಕಿತ್ತಳೆ ಕೆಂಪು ಬಳಿದುಬಿಡುತ್ತಾರೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಆ ಮಂಗಳೂರು ಹೆಂಚು ಹೊಸದರಲ್ಲಿ ಕೆಂಪೇ. ಆದರೆ ಕೊಡಗಿನ ನಾಲ್ಕಾರು ಮಳೆಗಾಲ ಕಂಡ ಮೇಲೆ ಅದು ಕಪ್ಪಾಗುತ್ತದೆ, ಮೇಲೆ ಪಾಚಿ ಹತ್ತುತ್ತದೆ. ಒಂದು ಸೂರನ್ನು ಹತ್ತಿರದಿಂದ ನೋಡಿ. ಮೇಲುಗಡೆ ಬೂದು, ನೀರು ಇಳಿಯುವ ಕಾಲುವೆಯಲ್ಲಿ ಕಡು ಹಸಿರು. ಒಡೆದದ್ದನ್ನು ಬದಲಿಸಿದ ಒಂದೋ ಎರಡೋ ಹೆಂಚು ಮಾತ್ರ ಕೆಂಪು. ಆ ಎರಡು ಹೆಂಚು ಇದ್ದರೆ ಸಾಕು, ಇಡೀ ಸೂರು ಹೆಂಚಿನದು ಅಂತ ನೋಡುವವರಿಗೆ ತಿಳಿಯುತ್ತದೆ. ಉಳಿದದ್ದಕ್ಕೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಅನ್ನುವ ಕಂದು ಬೆರೆಸಿ. ನೀಲಿ ಜಾಸ್ತಿಯಾದರೆ ಮಳೆ ಮೋಡ, ಕಂದು ಜಾಸ್ತಿಯಾದರೆ ಒದ್ದೆ ಗೋಡೆ. ಅಲ್ಟ್ರಾಮರೀನ್‌ನ ಕಣ ಹಾಳೆಯ ತಗ್ಗಿನಲ್ಲಿ ಕೂತು ಪಾಚಿ ಗೋಡೆಯ ಒರಟುತನ ತಾನೇ ಬರುತ್ತದೆ. ಡಬ್ಬಿಯ ಕಪ್ಪು ಬಣ್ಣ ಮುಟ್ಟಬೇಡಿ, ಚಿತ್ರ ಸಾಯುತ್ತದೆ.

ಎಲ್ಲಿ ಕೂರಬೇಕು? ಮಳೆ ಜೋರಿದ್ದರೆ ಕೋಟೆಗೆ ಹೋಗಿ. 1812–14ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಅರಮನೆ, ಗಾರೆಯ ಎರಡು ಆನೆ, ಈಗ ವಸ್ತು ಸಂಗ್ರಹಾಲಯವಾಗಿರುವ ಹಳೇ ಚರ್ಚು, ಎಲ್ಲ ಹತ್ತಿರ ಹತ್ತಿರ. ಓಂಕಾರೇಶ್ವರ ದೇವಸ್ಥಾನಕ್ಕೆ ಬೆಳಗ್ಗೆ ಬೇಗ ಹೋಗಿ. ಅದು 1820ರದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಮುಂದೆ ಕೊಳ. ಅಲ್ಲಿನವರನ್ನು ಕೇಳಿಯೇ ಕೂರಿ. ಹನಿ ಬೀಳುವಾಗ ನೀರಿನಲ್ಲಿ ಗುಮ್ಮಟದ ಆಕಾರ ಕಾಣುವುದಿಲ್ಲ, ಅದರ ಬಣ್ಣ ಮಾತ್ರ ಉದ್ದಕ್ಕೆ ಇಳಿದಿರುತ್ತದೆ. ಕಾಣುವಷ್ಟನ್ನೇ ಬಿಡಿಸಿ. ರಾಜಾಸೀಟ್ ಚೆನ್ನಾಗಿದೆ, ಆದರೆ ಅಲ್ಲಿ ಸಿಗುವುದು ಕಣಿವೆ, ನೀವು ಕೇಳಿದ ಪೇಟೆ ಅಲ್ಲ.

ಪೇಟೆ ಬೇಕಿದ್ದರೆ ಮಹದೇವಪೇಟೆಗೆ ಬನ್ನಿ. ನನಗೆ ತುಂಬಾ ಪ್ರೀತಿಯ ಬೀದಿ ಅದು, ಬಿಡಿಸಲು ಕಷ್ಟದ್ದೂ ಹೌದು. ರಸ್ತೆ ಇಳಿಜಾರು. ಕಟ್ಟಡದ ಸೂರು, ಕಿಟಕಿಯ ಗೆರೆಗಳು ನಿಮ್ಮ ಕಣ್ಣಿನ ಮಟ್ಟಕ್ಕೇ ಹೋಗಿ ಸೇರುತ್ತವೆ. ಆದರೆ ರಸ್ತೆಯ ಅಂಚು ಅಲ್ಲಿಗೆ ಹೋಗುವುದಿಲ್ಲ. ಇಳಿಯುವ ರಸ್ತೆಯಾದರೆ ಅದಕ್ಕಿಂತ ಕೆಳಗೆ, ಏರುವುದಾದರೆ ಮೇಲೆ ಸೇರುತ್ತದೆ. ಎರಡನ್ನೂ ಒಂದೇ ಬಿಂದುವಿಗೆ ಎಳೆದರೆ ಇಳಿಜಾರೇ ಮಾಯ. ನಾನು ಮೊದಲು ಅಂಗಡಿಗಳ ಮೆಟ್ಟಿಲು ಎಣಿಸುತ್ತೇನೆ. ಒಂದರ ಮುಂದೆ ಒಂದೇ ಮೆಟ್ಟಿಲು, ಕೆಳಗಿನದಕ್ಕೆ ಮೂರು. ಅಷ್ಟು ಸರಿ ಬಂದರೆ ಇಳಿಜಾರು ಬಂದ ಹಾಗೆಯೇ. ಒಮ್ಮೆ ಒಂದು ಅಂಗಡಿಯ ಜಗಲಿಯಲ್ಲಿ ಕೂತಿದ್ದಾಗ ಯಜಮಾನರು ಟೀ ಕೊಟ್ಟು, "ಎದುರು ಅಂಗಡಿ ಬಿಡಿಸ್ತಾ ಇದ್ದೀಯಲ್ಲಮ್ಮ, ನಂದು ಯಾವಾಗ?" ಅಂದರು. ಮರುದಿನ ಎದುರು ಜಗಲಿಯಲ್ಲಿ ಕೂತು ಅವರದ್ದನ್ನೂ ಬಿಡಿಸಿದೆ. ಕೇಳಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ. ಶುಕ್ರವಾರ ಇಲ್ಲಿದ್ದರೆ ಸಂತೆ ತಪ್ಪಿಸಬೇಡಿ. ನೀಲಿ ಟಾರ್ಪಾಲಿನ ಕೆಳಗೆ ಜನರ ಮುಖಕ್ಕೂ ತಿಳಿ ನೀಲಿ ಬೆಳಕು ಬಿದ್ದಿರುತ್ತದೆ.

ಸಾಮಾನು ಕಡಿಮೆ ತನ್ನಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಟನ್ ಹಾಳೆ, ಚಿಕ್ಕ ಅಳತೆಯದು. ನೀರಿಗೆ ಕರಗದ ಇಂಕಿನ ಪೆನ್. ಪ್ಯಾನ್‌ಗೆ, ಅಂದರೆ ಬಣ್ಣದ ಡಬ್ಬಿಯ ಚಿಕ್ಕ ಬಟ್ಟಲಿಗೆ, ಟ್ಯೂಬಿನ ಬಣ್ಣ ತುಂಬುವವರಾದರೆ ಮನೆಯಲ್ಲೇ ತುಂಬಿ ಒಣಗಿಸಿಕೊಂಡು ಬನ್ನಿ, ಇಲ್ಲಿ ಅದು ಗಟ್ಟಿಯಾಗದೆ ಡಬ್ಬಿಯೆಲ್ಲ ಹರಿಯುತ್ತದೆ. ಹಾಳೆ ಮಾತ್ರ ಸದಾ ಜಿಪ್ ಕವರ್‌ನಲ್ಲಿರಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಒಂದು ವರ್ಷ ನಾನು ಒಳ್ಳೆಯ ಪ್ಯಾಡ್ ಒಂದನ್ನು ಮಳೆಗಾಲವಿಡೀ ಬೀರುವಿನಲ್ಲೇ ಬಿಟ್ಟಿದ್ದೆ. ಬೂಷ್ಟು ಕಣ್ಣಿಗೆ ಕಾಣಲೇ ಇಲ್ಲ. ಆಕಾಶಕ್ಕೆ ಬಣ್ಣ ಬಿಟ್ಟ ಕೂಡಲೇ ಸಿಡುಬಿನ ಹಾಗೆ ಚುಕ್ಕಿ ಚುಕ್ಕಿ ಎದ್ದವು. ಬಣ್ಣವನ್ನು ಮೇಲೇ ತಡೆದು ಹಿಡಿಯುವ ಹಾಳೆಯ ಅಂಟು ಹಾಳಾಗಿ ಬಣ್ಣ ಒಳಗಿಳಿಯುತ್ತಿತ್ತು. ಇಪ್ಪತ್ತು ಹಾಳೆ ಹೋಯಿತು, ತುಂಬಾ ಬೇಜಾರಾಯಿತು.

ಒಂದು ಮಾತು ಕಡ್ಡಾಯವಾಗಿ ಕೇಳಿ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದದ್ದು ನಮಗೆ ಇನ್ನೂ ನೆನಪಿದೆ. ರೆಡ್ ಅಲರ್ಟ್ ಇದ್ದರೆ ರೂಮ್ ಬುಕ್ ಆಗಿದ್ದರೂ ಹೊರಡಬೇಡಿ. ಯಾವ ತಾರೀಕು ಅಂತ ಕೆಳಗೆ ಬರೆಯಿರಿ, ಆ ವಾರ ಮಳೆ ಹೇಗಿದೆ ಅಂತ ನಾನು ತಿಳಿಸ್ತೀನಿ.