ಓದುಗರ ಪ್ರಶ್ನೆ: ಮೀಟರ್ ಲೀನ್ ಅನ್ನುತ್ತದೆ, ಪ್ಲಗ್ ಕಪ್ಪಾಗಿದೆ

ಪ್ರಶ್ನೆ: ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿಗೆ ಹೊಸ ಹೆಡರ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಪೈಪುಗಳು), ಅಗಲದ ಎಕ್ಸಾಸ್ಟ್ ಪೈಪ್ ಹಾಕಿಸಿ, ಟ್ಯೂನ್ ಮಾಡಲೆಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಹೊಗೆಯನ್ನು ಅಳೆದು ಗಾಳಿ–ಇಂಧನ ಅನುಪಾತ ತೋರಿಸುವ ಸಾಧನ) ಕೂರಿಸಿದ್ದೇನೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಗಾಳಿ–ಇಂಧನ ಅನುಪಾತ 16ರಿಂದ 18ರ ನಡುವೆ ಓಲಾಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 12.6ಕ್ಕೆ ಬಂದು ನಿಲ್ಲುತ್ತದೆ. ಐಡಲ್‌ಗೆ ಶೇ. 15ರಷ್ಟು ಇಂಧನ ಹೆಚ್ಚಿಸಿದೆ. ಈಗ ಪೆಟ್ರೋಲ್ ವಾಸನೆ, ಸ್ಪಾರ್ಕ್ ಪ್ಲಗ್ ಕಪ್ಪು. ಮೀಟರ್ ಮಾತ್ರ ಇನ್ನೂ ಲೀನ್ (ಇಂಧನ ಕಡಿಮೆ, ಗಾಳಿ ಹೆಚ್ಚು) ಎನ್ನುತ್ತಿದೆ. ಸೆನ್ಸರ್ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಇಲ್ಲಿ ಪ್ಲಗ್ಗಿನ ಮಾತನ್ನೇ ನಂಬಿ: ಅದು ಕಪ್ಪಾಗಿದೆ ಎಂದರೆ ಇಂಧನ ಹೆಚ್ಚಾಗಿದೆ. ಹೆಚ್ಚಿಸಿದ ಶೇ. 15 ಇಂಧನವನ್ನು ಮೊದಲು ವಾಪಸ್ ತೆಗೆಯಿರಿ.

ಸೆನ್ಸರ್ ಪೆಟ್ರೋಲನ್ನು ಕಾಣುವುದಿಲ್ಲ. ಐಡಲ್‌ನಲ್ಲಿ ನಿಮಗೆ ಕಾಣುತ್ತಿರುವ ಲೀನ್, ಎಕ್ಸಾಸ್ಟ್‌ನಲ್ಲಿ ಮಿಕ್ಕಿರುವ ಆಮ್ಲಜನಕದ ಲೆಕ್ಕ ಮಾತ್ರ. ಆ ಆಮ್ಲಜನಕ ಎಂಜಿನ್ ಮೂಲಕವೇ ಬಂತೋ, ದಾರಿಯಲ್ಲಿ ಯಾವುದೋ ಸಂದಿಯಿಂದ ನುಸುಳಿತೋ ಎಂಬುದು ಅದಕ್ಕೆ ತಿಳಿಯದು. ಪೈಪಿನೊಳಗಿನ ಒತ್ತಡ ಅಲೆಯಂತೆ ಏರಿಳಿಯುತ್ತದೆ. ಇಳಿದಾಗ ಹೊರಗಿನ ಒತ್ತಡಕ್ಕಿಂತ ಕಡಿಮೆಯಾಗಿ, ಸಂದಿಯಿದ್ದರೆ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಐಡಲ್‌ನಲ್ಲಿ ಒಟ್ಟು ಹರಿವೇ ಕಡಿಮೆ, ಹಾಗಾಗಿ ಚೂರು ಗಾಳಿಯೂ ಅಂಕಿಯನ್ನು ಕೆಡಿಸುತ್ತದೆ. ಪೂರ್ತಿ ಲೋಡ್‌ನಲ್ಲಿ ಹರಿವು ದೊಡ್ಡದು, ಒತ್ತಡ ಹೊರಮುಖ. ಸೋರಿಕೆ ಲೆಕ್ಕಕ್ಕೇ ಬಾರದು. ಐಡಲ್‌ನಲ್ಲಿ ಲೀನ್, ಲೋಡ್‌ನಲ್ಲಿ ಸರಿ: ಇದು ಸೆನ್ಸರ್‌ಗಿಂತ ಮುಂಚೆ ಇರುವ ಸೋರಿಕೆಯ ಗುರುತು.

ಹುಡುಕುವುದು ಎಂಜಿನ್ ತಣ್ಣಗಿರುವಾಗ. ಊದುವ ಸೌಲಭ್ಯವಿರುವ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆಯನ್ನು ಸೈಲೆನ್ಸರ್ ಬಾಯಿಗಿಟ್ಟು ಸುತ್ತ ಬಟ್ಟೆ ತುರುಕಿ. ನಂತರ ಸೋಪು ನೀರನ್ನು ಹೆಡರ್ ಗ್ಯಾಸ್ಕೆಟ್, ಪೈಪುಗಳು ಕೂಡುವ ಕಲೆಕ್ಟರ್, ಪ್ರತಿ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಅಂಚು), ಸೆನ್ಸರ್ ಕೂರಿಸಲು ವೆಲ್ಡ್ ಮಾಡಿದ ನಟ್ಟಿನ ಸುತ್ತ ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಸೆನ್ಸರ್‌ನ ನಂತರ ಸೈಲೆನ್ಸರ್ ಕಡೆಗೆ ಬರುವ ಮೊದಲ ಜೋಡಣೆಯನ್ನೂ ಬಿಡಬೇಡಿ, ಐಡಲ್‌ನಲ್ಲಿ ಅಲ್ಲಿಂದಲೂ ಗಾಳಿ ಹಿಮ್ಮುಖವಾಗಿ ಬರಬಹುದು.

ಹೊಸ ಹೆಡರ್‌ನಲ್ಲಿ ಸಾಮಾನ್ಯ ತಪ್ಪು, ವೆಲ್ಡಿಂಗ್ ಬಿಸಿಗೆ ಫ್ಲೇಂಜ್ ಸೊಟ್ಟಗಾಗಿರುವುದು. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ನಾಲ್ಕಾರು ಬಾರಿ ಕಾದು ತಣ್ಣಗಾದ ಮೇಲೆ ನಟ್ಟುಗಳನ್ನು ತಣ್ಣಗಿರುವಾಗಲೇ ಮತ್ತೊಮ್ಮೆ ಬಿಗಿಯಿರಿ. ಸಂದಿಗೆ ಸಿಲಿಕೋನ್ ಅಂಟು ಮೆತ್ತಿ ಮುಚ್ಚುವ ಜಾಣತನ ಮಾತ್ರ ಬೇಡ. ಅದರ ಆವಿ ಸೆನ್ಸರನ್ನೇ ಕೊಲ್ಲುತ್ತದೆ.

ಸೋರಿಕೆ ಸಿಗಲಿಲ್ಲವೇ? ಹಾಗಾದರೆ ಮಿಸ್‌ಫೈರ್ ಇರಬಹುದು. ಉರಿಯದ ಸಿಲಿಂಡರಿನ ಆಮ್ಲಜನಕ ಹಾಗೇ ಹೊರಬಿದ್ದು, ಪೆಟ್ರೋಲ್ ಹೆಚ್ಚಿದ್ದರೂ ಮೀಟರ್ ಲೀನ್ ತೋರಿಸುತ್ತದೆ. ನೀವು ಇಂಧನ ಸುರಿದಷ್ಟೂ ಪ್ಲಗ್ ಮಸಿ ಹಿಡಿಯುತ್ತದೆ, ಮಸಿ ಹಿಡಿದಷ್ಟೂ ಕಿಡಿ ತಪ್ಪುತ್ತದೆ. ಆದ್ದರಿಂದ ಪ್ಲಗ್ ಬದಲಿಸದೆ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಇನ್ನು ವೈರಿಂಗ್. ಮೀಟರ್ ಒಂದು ಅಂಕಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ದಾಖಲಿಸುವ ಲಾಗ್ ಇನ್ನೊಂದು ಅಂಕಿ ತೋರಿಸಿದರೆ ತಪ್ಪು ಅರ್ಥ್‌ನಲ್ಲಿದೆ ಅಥವಾ ಸ್ಕೇಲ್‌ನಲ್ಲಿದೆ. 0–5 ವೋಲ್ಟ್‌ಗೆ ಅನುಪಾತ 10–20 ಎಂದು ಸ್ಕೇಲ್ ಇದ್ದರೆ, ಅರ್ಥ್‌ನಲ್ಲಿ 0.1 ವೋಲ್ಟ್ ವ್ಯತ್ಯಾಸವಾದರೂ ಲಾಗ್‌ನಲ್ಲಿ 0.2 ತಪ್ಪುತ್ತದೆ. ಹೆಡ್‌ಲೈಟ್, ಫ್ಯಾನ್ ಹಾಕಿದಾಗ ಲಾಗ್ ಜರುಗಿದರೆ ಅನುಮಾನವೇ ಬೇಡ. ಸೆನ್ಸರ್ ಹೀಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಅದರ ಅರ್ಥ್ ಎಂಜಿನ್ ಬ್ಲಾಕ್‌ಗೆ, ಸಿಗ್ನಲ್ ಅರ್ಥ್ ಇಸಿಯುವಿನ ಸೆನ್ಸರ್ ಅರ್ಥ್‌ಗೆ, ಎರಡೂ ಬೇರೆ ಬೇರೆ ಇರಲಿ. ವೈರ್ ಉದ್ದ ಮಾಡಲು ಬಾಷ್ ಎಲ್‌ಎಸ್‌ಯು 4.9 ಸೆನ್ಸರ್‌ನ ಕನೆಕ್ಟರ್ ಕತ್ತರಿಸಬೇಡಿ, ಅದರ ಕ್ಯಾಲಿಬ್ರೇಶನ್ ರೆಸಿಸ್ಟರ್ ಆ ಕನೆಕ್ಟರ್ ಒಳಗೇ ಇದೆ.

ಇಷ್ಟಾದ ಮೇಲೂ ಸೆನ್ಸರ್ ಮೇಲೆಯೇ ಸಂಶಯವಿದ್ದರೆ ಬಿಚ್ಚಿ, ಎಕ್ಸಾಸ್ಟ್‌ನಿಂದ ದೂರ ಶುದ್ಧ ಗಾಳಿಯಲ್ಲಿ ತೂಗುಹಾಕಿ ಆನ್ ಮಾಡಿ. ಆಮ್ಲಜನಕ ಶೇ. 20.9ರ ಸುಮಾರು, ಇಲ್ಲವೇ ಲೀನ್ ತುದಿಯ ಅಂಕಿ ಬಂದು ಅಲ್ಲಾಡದೆ ನಿಂತರೆ ಸೆನ್ಸರನ್ನು ಸದ್ಯಕ್ಕೆ ಬಿಟ್ಟುಬಿಡಿ. ತುದಿ ಕೆಂಪಗೆ ಕಾದಿರುತ್ತದೆ, ಮುಟ್ಟಬೇಡಿ.

ಪ್ರಶ್ನೆ: ಸೆನ್ಸರನ್ನು ಎಲ್ಲಿ ಕೂರಿಸುವುದು ಸರಿ? ನಾನು ಒಂದನೇ ಸಿಲಿಂಡರಿನ ಪೈಪಿನಲ್ಲೇ ಹಾಕಿದ್ದೇನೆ.

ಉತ್ತರ: ಅಲ್ಲಿ ಆ ಒಂದು ಸಿಲಿಂಡರಿನ ಸುದ್ದಿ ಮಾತ್ರ ಸಿಗುತ್ತದೆ, ಶಾಖವೂ ವಿಪರೀತ. ನಾಲ್ಕೂ ಕೂಡಿದ ನಂತರ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮುಂಚೆ ಹಾಕಿ. ಟರ್ಬೊ ಇದ್ದರೆ ಟರ್ಬೊದ ನಂತರ. ತುದಿ ಕೆಳಮುಖವಾಗಿದ್ದು, ಸೆನ್ಸರ್ ಸಮತಲಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ. ಇಲ್ಲದಿದ್ದರೆ ಪೈಪಿನಲ್ಲಿ ಹನಿಗಟ್ಟಿದ ನೀರು ಸೆನ್ಸರ್‌ನ ಕಾದ ಸೆರಾಮಿಕ್ ಮೇಲೆ ಬಿದ್ದು ಅದು ಬಿರುಕು ಬಿಡುತ್ತದೆ. ಸೈಲೆನ್ಸರ್ ಬಾಯಿಗೆ ತೀರಾ ಹತ್ತಿರವಾದರೂ ಹೊರಗಾಳಿ ಹಿಂದಕ್ಕೆ ನುಗ್ಗುತ್ತದೆ. ಹೀಟರ್ ಆಫ್ ಇಟ್ಟು ಗಾಡಿ ಓಡಿಸಿದರೆ ಸೆನ್ಸರ್ ಮಸಿ ಹಿಡಿದು ಸಾಯುತ್ತದೆ. ಬಳಸದಿದ್ದಾಗ ಬಿಚ್ಚಿ, ತೂತಿಗೆ ಮುಚ್ಚಳದ ಬೋಲ್ಟ್ ಹಾಕಿ.

ಪ್ರಶ್ನೆ: ಗೇರ್‌ನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೀಟರ್ 20 ದಾಟುತ್ತದೆ. ಅಪಾಯವೇ?

ಉತ್ತರ: ಅಲ್ಲ. ಆಗ ಇಸಿಯು ಇಂಜೆಕ್ಟರ್‌ಗಳನ್ನೇ ನಿಲ್ಲಿಸುತ್ತದೆ, ಪೈಪಿನಲ್ಲಿ ಹರಿಯುವುದು ಬರೀ ಗಾಳಿ. ಟ್ಯೂನ್ ಮಾಡುವಾಗ ಲಾಗ್‌ನ ಆ ಸಾಲುಗಳನ್ನು ತೆಗೆದುಹಾಕಿ, ಇಲ್ಲವಾದರೆ ಸಾಫ್ಟ್‌ವೇರ್ ಅದನ್ನೂ ಲೀನ್ ಎಂದು ಎಣಿಸಿ ಮ್ಯಾಪ್‌ಗೆ (ಎಷ್ಟು ಇಂಧನ ಎಂದು ಹೇಳುವ ಕೋಷ್ಟಕಕ್ಕೆ) ಇಂಧನ ಸೇರಿಸುತ್ತದೆ.