ಜುಲೈನಲ್ಲಿ ಕೊಡಗಿನ ಕೆರೆದಂಡೆಯ ರೆಸಾರ್ಟಿಗೆ ಮೂರು ದಿನ ಹೋಗುತ್ತಿದ್ದೇವೆ. ಅಲ್ಲಿನ 2, 4, 7 ಕಿ.ಮೀ. ಕಾಡುಹಾದಿಗಳಲ್ಲಿ ಆರೋಗ್ಯಕ್ಕೆ ಯಾವುದು ಹೆಚ್ಚು ಒಳ್ಳೆಯದು?

ನಿಮ್ಮ ಪ್ರಶ್ನೆಯಲ್ಲಿ ಕಿಲೋಮೀಟರುಗಳ ಲೆಕ್ಕ ಕಂಡ ಕೂಡಲೇ ನನ್ನ ಎಡಗಾಲಿನ ಕಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ರಕ್ತದೊತ್ತಡ ಹೆಚ್ಚಾಗಿದೆ, ಸ್ವಲ್ಪ ವಿಶ್ರಾಂತಿ ಪಡೆಯಿರಿ ಎಂದು ವೈದ್ಯರು ಹೇಳಿದ್ದರಿಂದ ನಾನೂ ಒಂದು ಜುಲೈನಲ್ಲಿ, ಸೋಮವಾರಪೇಟೆ ಕಡೆಯ ಇಂಥದ್ದೇ ಜಾಗಕ್ಕೆ ಮೂರು ದಿನ ರಜೆ ಹಾಕಿ ಹೋಗಿದ್ದೆ. ಅಲ್ಲಿಯೂ ಮೂರು ಹಾದಿಗಳಿದ್ದವು: ಕೆರೆ ಏರಿಯ ಮೇಲಿನದು, ಕಾಫಿ ತೋಟದ ನಡುವಿನದು, ಕಾಡನ್ನು ಸುತ್ತಿ ಬರುವ ಉದ್ದನೆಯದು. ಮೊದಲ ದಿನವೇ ಮೂರನ್ನೂ ಮುಗಿಸಿಬಿಡಬೇಕೆಂದು ಹೊರಟೆ.

ದಾರಿ ತೋರಿಸಲು ಬಂದವರು ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ಹಿರಿಯರು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಅದರ ಮೇಲೆ ಒಣ ಸೋಪು ಉಜ್ಜಿಕೊಳ್ಳಲು ಅವರು ಹೇಳಿದರು. ನನ್ನದು ಗಿಡ್ಡ ಕಾಲುಚೀಲವಾದ್ದರಿಂದ ನೂರು ಹೆಜ್ಜೆಯೊಳಗೆ ಪ್ಯಾಂಟು ಹೊರಬಂದಿತ್ತು. ಎರಡನೆಯ ಹಾದಿಯಲ್ಲಿ ಕಾಲು ಒದ್ದೆಯೆನಿಸಿ ನೋಡಿದರೆ ಪಾದದ ಗಂಟಿನ ಮೇಲೆ ಹುಣಸೆ ಬೀಜದಷ್ಟು ದಪ್ಪಗಾಗಿದ್ದ ಇಂಬಳ, ಅಂದರೆ ಕಾಡಿನ ಜಿಗಣೆ.

ಇಂಬಳ ಕಚ್ಚಿದ್ದು ನನ್ನ ತಪ್ಪಲ್ಲ. ಮಳೆಗಾಲದ ಕೊಡಗಿನಲ್ಲಿ ಅದು ಯಾರನ್ನೂ ಬಿಡುವುದಿಲ್ಲ. "ಎಳೀಬೇಡಿ ಸಾರ್" ಎಂದು ಅವರು ಕೂಗುತ್ತಿದ್ದಂತೆಯೇ ನಾನು ಅದನ್ನು ಕಿತ್ತೆಳೆದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಎಳೆಯುತ್ತೀರಿ. ಇಂಬಳವು ಎರಡು ತುದಿಗಳಿಂದಲೂ ಅಂಟಿಕೊಂಡಿರುತ್ತದೆ, ಕಚ್ಚಿರುವುದು ಸಣ್ಣ ತುದಿ. ಆ ತುದಿಯ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ತಾಗಿಸಿ ಮೆಲ್ಲನೆ ಸರಿಸಿದರೆ ಹಿಡಿತ ಬಿಡುತ್ತದೆ, ಅನಂತರ ಇನ್ನೊಂದು ತುದಿಯನ್ನು ಬಿಡಿಸಬೇಕು. ಕಚ್ಚಿರುವಾಗ ಉಪ್ಪು, ಸುಣ್ಣ ಹಾಕುವುದೂ ಸರಿಯಲ್ಲ. ಅದು ಒಳಗಿನದನ್ನು ಗಾಯಕ್ಕೇ ಕಕ್ಕುತ್ತದೆ. ಅದರ ಎಂಜಲಿನಲ್ಲಿರುವ ವಸ್ತು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಬಹಳ ಹೊತ್ತು ರಕ್ತ ಸೋರುತ್ತದೆ, ಹೆದರಬೇಕಾಗಿಲ್ಲ. ಸೋಪು ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯನ್ನು ಒತ್ತಿ ಹಿಡಿದು ಕುಳಿತರೆ ಸಾಕು. ನಾನು ಕುಳಿತುಕೊಳ್ಳಲಿಲ್ಲ. ಮೂರನೆಯ ಹಾದಿ ಬಾಕಿ ಇತ್ತಲ್ಲ, ಬೆವರಿನ ಕರವಸ್ತ್ರವನ್ನು ಕಟ್ಟಿಕೊಂಡು ಕೆಸರಿನಲ್ಲಿ ನಡೆದೆ, ರಾತ್ರಿಯಿಡೀ ತುರಿಸಿದೆ. ಮೂರನೆಯ ದಿನ ಕಾಲು ಊದಿ ಜ್ವರ ಬಂದು, ಊರಿಗೆ ಮರಳುವ ದಾರಿಯಲ್ಲಿ ಕುಶಾಲನಗರದಲ್ಲಿ ಇಳಿದು ವೈದ್ಯರನ್ನು ಕಾಣಬೇಕಾಯಿತು. ರಕ್ತದೊತ್ತಡ ಇಳಿಸಲು ಹೋದವನು ಆ್ಯಂಟಿಬಯಾಟಿಕ್ ನುಂಗುತ್ತ ಇನ್ನೂ ಒಂದು ವಾರ ರಜೆ ಕಳೆದೆ.

ಎರಡನೆಯ ದಿನ ಕಾಲು ಚಾಚಿ ಜಗಲಿಯಲ್ಲಿ ಕುಳಿತಿದ್ದಾಗ ಎದುರಿನ ಫಲಕವನ್ನು ಮೊದಲ ಬಾರಿಗೆ ಓದಿದೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಬಳಕೆಗೆ ತಂದ 'ಶಿನ್‌ರಿನ್ ಯೊಕು', ಅಂದರೆ ಕಾಡಿನ ಸ್ನಾನ ಎಂಬ ಮಾತು ಅದರಲ್ಲಿತ್ತು. ಸ್ನಾನವನ್ನು ಯಾರೂ ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಆದ್ದರಿಂದ ಯಾವ ಹಾದಿ ಹೆಚ್ಚು ಒಳ್ಳೆಯದು ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. 2 ಕಿ.ಮೀ. ಹಾದಿಯನ್ನೇ ಮೂರು ದಿನವೂ ನಡೆಯಿರಿ. ಜಗಲಿಯಲ್ಲಿ ಕುಳಿತಿದ್ದ ಆ ಬೆಳಗ್ಗೆ ತೋಡಿನ ಕಡೆಯಿಂದ ಸಿಳ್ಳಾರ ಹಕ್ಕಿ ಹಾಡುವುದು ಕೇಳಿಸಿತು; ಹಿಂದಿನ ದಿನವೂ ಅದು ಹಾಡಿರಬೇಕು, ನಾನು ಹೆಜ್ಜೆ ಎಣಿಸುತ್ತಿದ್ದೆ.

7 ಕಿ.ಮೀ. ಹಾದಿಯನ್ನು ಜುಲೈನಲ್ಲಿ ಮರೆತುಬಿಡಿ. ನಡೆಯಲೇಬೇಕೆಂದಿದ್ದರೆ ಪ್ರವಾಸವನ್ನು ಡಿಸೆಂಬರಿಗೆ ಮುಂದೂಡಿ. ಆಗ ಮಳೆ ನಿಂತಿರುತ್ತದೆ, ಇಂಬಳವೂ ವಿರಳ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಆನೆಗಳು ತೋಟಕ್ಕೆ ಇಳಿಯುವುದರಿಂದ, ಮಾರ್ಗದರ್ಶಕರಿಲ್ಲದೆ ಮುಂಜಾವಿನಲ್ಲಿ ಹೊರಡಲು ಬಿಡುವ ಜಾಗಕ್ಕೆ ಹೋಗಲೇಬೇಡಿ.

ರಜೆಯನ್ನು ಸ್ವಲ್ಪ ಹಿಂದೆಮುಂದೆ ಮಾಡಲು ಸಾಧ್ಯವಿದ್ದರೆ ಆಗಸ್ಟ್ 3ರಂದು ಅಲ್ಲಿರುವಂತೆ ನೋಡಿಕೊಳ್ಳಿ. ಅದು ಕೊಡವರ ಪಂಚಾಂಗದ ಕಕ್ಕಡ ಮಾಸದ ಹದಿನೆಂಟನೆಯ ದಿನ, ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅಡುಗೆಯವರನ್ನು ಕೇಳಿದರೆ ನಿಮಗೂ ಒಂದು ಬಟ್ಟಲು ಸಿಕ್ಕೀತು. ಮರುದಿನ ಮೂತ್ರ ಕೆಂಪಾಗಿ ಕಂಡರೆ ಗಾಬರಿಯಾಗಬೇಡಿ, ಅದು ಸೊಪ್ಪಿನ ಬಣ್ಣ.